ಏನ್ ತಗೊಂಡಿದ್ದ

ರಾತ್ರಿ ಎರಡೂಕಾಲು. ಹಾಸನದ ದೊಡ್ಡಾಸ್ಪತ್ರೆ.
ಸ್ಟ್ರೆಚರಿನ ಒಂದು ಗಾಲಿ ಎಂದಿನಂತೆ ಕಿರುಗುಟ್ಟುತ್ತ
ಯತೀಶನನ್ನು ಒಳಗೆ ತಂದಿತು.
ನೇರಳೆಹಣ್ಣು ತಿಂದವರ ಹಾಗಿತ್ತು ತುಟಿ.
ಡಾಕ್ಟರ್ ರೆನಿಟಾ ಕೇಳಿದ್ದು ಒಂದೇ ಮಾತು:
‘ಏನ್ ತಗೊಂಡಿದ್ದ?’

ಜೊತೆಗೆ ಬಂದ ಹುಡುಗ, ಅಭಿನಂದನ,
ಬಾಗಿಲ ಕಡೆ ನೋಡಿದ.
ಬಾಗಿಲಲ್ಲಿ ಪೇದೆ, ಕೈಯಲ್ಲಿ ಟೀ ಲೋಟ.
‘ಏನೂ ಇಲ್ಲ ಮೇಡಂ. ಗೋಬಿ ತಿಂದ್ವಿ.’

ನಾನು ಲ್ಯಾಬಿನವಳು. ರಕ್ತ ಬಂತು, ಮೂತ್ರ ಬಂತು.
ನಮ್ಮ ಕಿಟ್ಟಿಗೆ ಗೊತ್ತಿರುವುದು ಐದು ಹೆಸರು.
ಆರನೆಯದು ಅದರ ಪಾಲಿಗೆ ಇನ್ನೂ ಹುಟ್ಟಿಲ್ಲ.
ಐದೂ ಇಲ್ಲ ಎಂದು ಬರೆದು ಸಹಿ ಹಾಕಿದೆ.
ನಾಲ್ಕೂವರೆಗೆ ಅವನಿಗೆ ಯಾವ ರಿಪೋರ್ಟೂ ಬೇಕಿರಲಿಲ್ಲ.

ಬೆಳಿಗ್ಗೆ ಶಾಂತಿಗ್ರಾಮಕ್ಕೆ ಹೋದರೆ
ಅವ್ವ ಡೈರಿಯಿಂದ ಬೈಯುತ್ತ ಬಂದಳು.
ಡಿಗ್ರಿ ಕಡಿಮೆ ಬಂತಂತೆ,
ನೀರು ಬೆರೆಸಿದೀಯಾ ಅಂದನಂತೆ ಸೆಕ್ರೆಟರಿ.
ಅರ್ಧ ಲೀಟರು ಹಾಲಿಗೂ ಗಾಜಿನ ಕೊಳವೆ ಇಳಿಸುವ ಊರು ನಮ್ಮದು.
ಸಂತೇಪೇಟೆಯಲ್ಲಿ ಬಿತ್ತನೆ ಆಲೂಗೆಡ್ಡೆಯ ಮೂಟೆ ಬಿಚ್ಚಿ
ಒಂದನ್ನು ಸೀಳಿ, ಒಳಗೆ ಕಪ್ಪಿದೆಯಾ ನೋಡದೆ
ಯಾರೂ ದುಡ್ಡು ಎಣಿಸುವುದಿಲ್ಲ.
ಇವನೊಬ್ಬ ನೋಡದೆ ನುಂಗಿದ.

ಜೂನ್ ಇಪ್ಪತ್ತಾರು. ಅವನದೇ ಕಾಲೇಜು.
ಬ್ಯಾನರು, ಪ್ರತಿಜ್ಞೆ, ಬಲಗೈ ಮುಂದೆ.
ನಮ್ಮೂರಮ್ಮನ ಗುಡಿಯ ಹಾಗೆ ಈ ಮಾತಿನ ಬಾಗಿಲೂ
ವರ್ಷಕ್ಕೊಮ್ಮೆ ತೆರೆಯುತ್ತದೆ,
ಇಲ್ಲಿ ಮಾತ್ರ ಒಳಗಿನ ದೀಪ ಆರಿರುತ್ತದೆ.
ನಾನೆದ್ದು ಹೇಳಿದೆ: ತಗೋಬೇಡಿ.
ತಗೊಂಡಿದ್ದರೆ ಮುಚ್ಚಿಡಬೇಡಿ.
ಅದರಲ್ಲಿ ಏನಿದೆ, ಯಾರ ಹತ್ತಿರ ನೋಡಿಸಬಹುದು,
ಇಷ್ಟನ್ನು ಕೇಳೋದಕ್ಕಾದರೂ ಈ ಮಕ್ಕಳಿಗೆ ಬಿಡಿ ಸಾರ್.

ಪ್ರಿನ್ಸಿಪಾಲರು ಮೈಕು ಇಸಕೊಂಡರು.
‘ಮೇಡಂ, ರುಚಿ ನೋಡೋದು ಹೇಳಿಕೊಟ್ಟರೆ
ಊಟಕ್ಕೆ ಕರೆದ ಹಾಗಲ್ಲವಾ?’
ಚಪ್ಪಾಳೆ ಬಿತ್ತು. ಮೈಸೂರುಪಾಕು ಹಂಚಿದರು.

ಅವರ ಮಾತನ್ನು ಹಾಗೇ ಎಸೆಯಲಾರೆ.
ನಮ್ಮ ಚಿಕ್ಕಪ್ಪ ಕಳ್ಳಭಟ್ಟಿಗೆ ಕಡ್ಡಿ ಗೀರುತ್ತಿದ್ದ.
ನೀಲಿಯಾಗಿ ಉರಿದರೆ ಚೊಕ್ಕ ಮಾಲು ಎನ್ನುತ್ತಿದ್ದ.
ನೀಲಿಯಾಗಿಯೇ ಉರಿದ ಒಂದು ರಾತ್ರಿ ಕುಡಿದು
ಬೆಳಿಗ್ಗೆ ‘ಇನ್ನೂ ಬೆಳಕಾಗಿಲ್ವಾ?’ ಅಂದ.
ಅರ್ಧಂಬರ್ಧ ಪರೀಕ್ಷೆ ಧೈರ್ಯ ಕೊಡುತ್ತದೆ.
ಆ ಧೈರ್ಯವೂ ವಿಷವೇ.

ಆದರೆ ಕೇಳಿ,
ಕಣ್ಣು ಹೋದ ಮೇಲೆ ಹನ್ನೊಂದು ವರ್ಷ
ಅರಳಿಕಟ್ಟೆಯ ಮೇಲೆ ಕೂತು
ಹೋಗೋರನ್ನ ಬರೋರನ್ನ ಕರೆಕರೆದು ಹೇಳಿದ:
‘ಬೆಂಕಿ ಸುಳ್ಳು ಹೇಳ್ತದೆ ಕಣ್ರೋ, ಕಡ್ಡಿ ನಂಬಬೇಡಿ.’
ನಮ್ಮೂರು ಅದನ್ನು ಕಲಿತದ್ದು ಆ ಕಟ್ಟೆಯಿಂದ.
ಅವನ ಬಾಯಿಗೆ ಯಾರೂ ಕೈ ಅಡ್ಡ ಇಡಲಿಲ್ಲ.
ಕುಡಿತದ ಸುದ್ದಿ ಕಟ್ಟೆಗೆ ಬೇಡ ಎಂದು
ಎಬ್ಬಿಸಿ ಕಳಿಸಿದ್ದರೆ?

ಮೊನ್ನೆ ಮಧ್ಯಾಹ್ನ, ಕೌಂಟರಿನಲ್ಲಿ ಜನವಿಲ್ಲದ ಹೊತ್ತು,
ಅಭಿನಂದನ ಬಂದ. ಸಣ್ಣಗಾಗಿದ್ದ.
ಬೆಂಕಿಪೊಟ್ಟಣವೊಂದನ್ನು ಗಾಜಿನ ಕೆಳಗಿಂದ ತಳ್ಳಿದ.
ಒಳಗೆ ಹತ್ತಿ. ಹತ್ತಿಯಲ್ಲಿ
ಮುರಿದ ಮಾತ್ರೆಯ ಅರ್ಧ.
‘ಇನ್ನರ್ಧ ಅವನು ತಗೊಂಡಿದ್ದ ಮೇಡಂ.
ಇದು ನಂದು.’

ನಮ್ಮ ಕಿಟ್ಟು ಇದಕ್ಕಲ್ಲ ಅಂದೆ. ಗೊತ್ತು ಅಂದ.
ನನ್ನ ನೌಕರಿ ಹೋಗ್ತದೆ ಅಂದೆ. ಅದೂ ಗೊತ್ತು ಅಂದ.
ಪೇದೆ ಟೀಗೆ ಹೋಗಿದ್ದ.
‘ಆವತ್ತು ಹೆದರಿ ಸುಮ್ಮನಿದ್ದೆ ನಿಜ.
ಆದ್ರೆ ಬಾಯಿ ಬಿಟ್ಟಿದ್ರೂ ಏನಂತ ಹೇಳ್ತಿದ್ದೆ?
ಕೊಟ್ಟೋನಿಗೂ ಹೆಸರು ಗೊತ್ತಿರಲಿಲ್ಲ.
ನಾವು ಅದನ್ನ ಪಟಾಕಿ ಅಂತಿದ್ವಿ.’

ಕೂತ್ಕೋ ಅಂದೆ.
ರೆನಿಟಾ ಡಾಕ್ಟರಿಗೆ ಫೋನು ಹಚ್ಚಿದೆ, ರಿಂಗಾಗುತ್ತಿತ್ತು.
ರಿಜಿಸ್ಟರಿನಲ್ಲಿ ರಕ್ತ, ಮೂತ್ರ, ಕಫ,
ಮೂರರ ಪಕ್ಕ ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದೆ.
ಮಾದರಿ: ಅರ್ಧ.
ಬಣ್ಣ: ಹಳದಿ.